ವಿಕಲಾಂಗರ ವಿದ್ಯಾಧಿಕಾರ: ಶಾಸ್ತ್ರ, ಶ್ರೀಮಠ, ವಿಶ್ವವಿದ್ಯಾಲಯ

ವಿದ್ಯೆಗೆ ಅಧಿಕಾರಿ ಯಾರು ಎಂಬ ಪ್ರಶ್ನೆಯು ನಮ್ಮ ಶಾಸ್ತ್ರಗಳಷ್ಟೇ ಪ್ರಾಚೀನವಾದುದು. ಪಾಠಶಾಲೆಗಳಲ್ಲಿ ಗ್ರಂಥವನ್ನು ಬಿಚ್ಚಿದೊಡನೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ಹೇಳಿಸುವ ಪದ್ಧತಿಯು ಇಂದಿಗೂ ಉಂಟು. ಮೊದಲಿನ ಮೂರನ್ನು ಕುರಿತು ವಿದ್ಯಾರ್ಥಿಯು ಪೂರ್ವಪಕ್ಷ ಸಿದ್ಧಾಂತಗಳನ್ನು ಮಾಡುವನು. ನಾಲ್ಕನೆಯದನ್ನು ಬಾಯಿಪಾಠವಾಗಿ ಒಪ್ಪಿಸಿ ಮುಂದೆ ಸಾಗುವನು. ಅಧಿಕಾರಿಯು ತಾನೇ ಆಗಿ ಗುರುವಿನ ಎದುರು ಕುಳಿತಿರುವಾಗ ಅವನಿಗೆ ಸಂಶಯವೇಕೆ ಬಂದೀತು? ಆ ಸಂಶಯವು ಹುಟ್ಟುವದು ಬಾಗಿಲ ಹೊರಗೆ ನಿಂತವನಲ್ಲಿ. ಕಣ್ಣಿಲ್ಲದವರು, ಕಿವಿ ಕೇಳದವರು, ಕೈಕಾಲು ನಡೆಯದವರು ಬಹುಕಾಲದಿಂದ ಹಾಗೆ ಹೊರಗೆ ನಿಂತವರು. ಅವರನ್ನು ವಿಕಲಾಂಗರೆಂದೂ, ಅನಂತರ ವಿಕಲಚೇತನರೆಂದೂ, ಇತ್ತೀಚೆಗೆ ದಿವ್ಯಾಂಗರೆಂದೂ ಕರೆಯುವ ರೂಢಿಯು ಬಂದಿದೆ. ಹೆಸರು ಬದಲಿಸುವದು ಸುಲಭ. ಬಾಗಿಲನ್ನು ಅಗಲಿಸುವದು ಅಷ್ಟು ಸುಲಭವಲ್ಲವೆಂಬದಕ್ಕೆ ಇತಿಹಾಸವೇ ಸಾಕ್ಷಿಯಾಗಿದೆ.

ಈ ವಿಷಯವನ್ನು ನಮ್ಮ ದೇಶದಲ್ಲಿ ಮೊದಲು ಕ್ರಮವಾಗಿ ವಿಚಾರಿಸಿದವರು ಮೀಮಾಂಸಕರು. ಜೈಮಿನಿಯ ಸೂತ್ರಗಳ ಆರನೆಯ ಅಧ್ಯಾಯಕ್ಕೆ ಅಧಿಕಾರಾಧ್ಯಾಯವೆಂದೇ ಹೆಸರು. ಯಜ್ಞಕ್ಕೆ ಅಂಗಹೀನನು ಅಧಿಕಾರಿಯೇ ಅಲ್ಲವೇ ಎಂದು ಅಲ್ಲಿ ಚರ್ಚೆ ನಡೆದಿದೆ. ಕುರುಡನು ಆಜ್ಯವನ್ನು ನೋಡಲಾರನು, ಕುಂಟನು ವಿಷ್ಣುಕ್ರಮದ ಹೆಜ್ಜೆಗಳನ್ನು ಇಡಲಾರನು, ಕಿವುಡನು ಋತ್ವಿಜರ ಮಾತನ್ನು ಕೇಳಲಾರನು. ಆದುದರಿಂದ ಸಾಮರ್ಥ್ಯವಿಲ್ಲದಲ್ಲಿ ಅಧಿಕಾರವಿಲ್ಲವೆಂಬದು ಅವರ ಯುಕ್ತಿ. ವೈಕಲ್ಯವು ಚಿಕಿತ್ಸೆಯಿಂದ ನಿವಾರಣೆಯಾದರೆ ಅಧಿಕಾರವು ಮರಳಿ ಬರುವದೆಂದೂ ಹೇಳಿರುವರು. ಇಷ್ಟನ್ನೇ ಓದಿ ಗ್ರಂಥವನ್ನು ಮುಚ್ಚಿದವರು ಬಹಳ ಜನರಿದ್ದಾರೆ. ಆದರೆ ಅದೇ ಆರನೆಯ ಅಧ್ಯಾಯದ ಮೂರನೆಯ ಪಾದವು ಇನ್ನೊಂದು ನ್ಯಾಯವನ್ನು ಸ್ಥಾಪಿಸುತ್ತದೆ. ಫಲಕ್ಕಾಗಿ ಮಾಡುವ ಕಾಮ್ಯಕರ್ಮದಲ್ಲಿ ಎಲ್ಲ ಅಂಗಗಳೂ ಬೇಕು. ಬಿಡಲಾಗದ ನಿತ್ಯಕರ್ಮದಲ್ಲಾದರೋ ಶಕ್ಯವಾದಷ್ಟು ಅಂಗಗಳೊಡನೆ ನಡೆಸಿದರೂ ಕರ್ಮವು ಸಿದ್ಧಿಸುವದು. ಅಂದರೆ ಅಲ್ಲಿ ಬಿಟ್ಟುಹೋಗುವದು ಆಗದ ಅಂಗವೇ ಹೊರತು ಕರ್ತೃವಲ್ಲ. ಸ್ವಾಧ್ಯಾಯವು ನಿತ್ಯವೆಂದು ಎಲ್ಲರೂ ಒಪ್ಪಿರುವಾಗ, ವಿದ್ಯೆಯ ವಿಷಯದಲ್ಲಿ ಈ ಎರಡನೆಯ ನ್ಯಾಯವನ್ನು ಹಚ್ಚದೆ ಮೊದಲನೆಯದನ್ನೇ ಹಚ್ಚಿದುದು ಪಂಡಿತರ ಪ್ರಮಾದವೆನ್ನಬೇಕಾಗುವದು.

ಧರ್ಮಶಾಸ್ತ್ರದ ಮಾತು ಇದಕ್ಕಿಂತ ಕಠಿಣವಾಗಿತ್ತು. ಕುರುಡ, ಕುಂಟ, ಜಡ, ಉನ್ಮತ್ತ ಮೊದಲಾದವರಿಗೆ ಪಿತ್ರಾರ್ಜಿತದಲ್ಲಿ ಪಾಲಿಲ್ಲ, ಅವರಿಗೆ ಅನ್ನವಸ್ತ್ರ ಮಾತ್ರ ಸಲ್ಲಬೇಕೆಂದು ಯಾಜ್ಞವಲ್ಕ್ಯಸ್ಮೃತಿಯು ವಿಧಿಸಿತು. ಆ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ನಮ್ಮ ಕನ್ನಡನಾಡಿನವನೇ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನು ಕ್ರಿ. ಶ. 1076ರಿಂದ 1126ರವರೆಗೆ ಆಳಿದ ಕಲ್ಯಾಣದಲ್ಲಿ ಅದನ್ನು ರಚಿಸಿದನು. ಔಷಧೋಪಚಾರದಿಂದ ದೋಷವು ಹೋದರೆ ಪಾಲು ಸಲ್ಲಬೇಕು, ಅವರ ನಿರ್ದೋಷಿಗಳಾದ ಮಕ್ಕಳಿಗೂ ಪಾಲು ಸಲ್ಲಬೇಕು ಎಂದು ಅವನು ಸಾಧ್ಯವಾದಷ್ಟು ಮೃದುಗೊಳಿಸಿದನು. ಆದರೂ ಮೂಲವಿಧಿಯು ಉಳಿಯಿತು, ಆಂಗ್ಲರ ನ್ಯಾಯಾಲಯಗಳಲ್ಲಿಯೂ ಜೀವಂತವಾಗಿ ನಡೆಯಿತು. ಕೊನೆಗೆ 1928ರ ಶಾಸನವು ಹುಟ್ಟಿನಿಂದ ಬುದ್ಧಿವಿಕಲರಾದವರನ್ನು ಬಿಟ್ಟು ಉಳಿದವರ ಮೇಲಿನ ಈ ನಿರ್ಬಂಧವನ್ನು ತೆಗೆಯಿತು. ಹೊಲವಿಲ್ಲದವನಿಗೆ ಗುರುದಕ್ಷಿಣೆಯೆಲ್ಲಿಂದ ಬರಬೇಕು, ಪರಸ್ಥಳದಲ್ಲಿ ಓದುವ ವೆಚ್ಚವೆಲ್ಲಿಂದ ಬರಬೇಕು? ವಿದ್ಯಾಧಿಕಾರದ ಇತಿಹಾಸವನ್ನು ಬರೆಯುವವರು ದಾಯಭಾಗದ ಈ ಪ್ರಕರಣವನ್ನು ಸಾಮಾನ್ಯವಾಗಿ ಮರೆಯುತ್ತಾರೆ.

ಅದೇ ಕಲ್ಯಾಣದಲ್ಲಿ ಕೆಲವು ದಶಕಗಳ ಅನಂತರ ಬಸವಾದಿ ಶರಣರು ಬೇರೊಂದು ಅಧಿಕಾರವಿಚಾರವನ್ನು ನಡೆಸಿದರು. ಇಷ್ಟಲಿಂಗವು ಕರಸ್ಥಲಕ್ಕೆ ಬಂದ ಮೇಲೆ ಆಜ್ಯವನ್ನು ನೋಡಬೇಕಾದ ಕಣ್ಣೂ, ಮೂರು ಹೆಜ್ಜೆ ಇಡಬೇಕಾದ ಕಾಲೂ ಪೂಜೆಗೆ ಅಗತ್ಯವಾಗಿ ಉಳಿಯಲಿಲ್ಲ. ದೃಷ್ಟಿಯೋಗವನ್ನು ಹೇಳುವ ಅನುಭಾವಿಗಳೂ ಕಣ್ಣಿಲ್ಲದ ಭಕ್ತನ ಅಂಗೈಯಿಂದ ಲಿಂಗವನ್ನು ಕಿತ್ತುಕೊಳ್ಳಲಿಲ್ಲ. ತತ್ತ್ವವು ಹೀಗಿದ್ದರೂ ಮುಂದಿನ ಶತಮಾನಗಳಲ್ಲಿ ಮಠಗಳ ಆಚರಣೆಯು ಅದಕ್ಕೆ ಸರಿಯಾಗಿ ಬೆಳೆಯಿತೆಂದು ಹೇಳಲು ಬರುವದಿಲ್ಲ. ದಾಸೋಹದ ಪಂಕ್ತಿಯಲ್ಲಿ ಕುರುಡನಿಗೂ ಕುಂಟನಿಗೂ ಎಲೆ ಹಾಕಿದರು. ಪಾಠದ ಪಂಕ್ತಿಯಲ್ಲಿ ಸ್ಥಳ ಕೊಟ್ಟುದು ಅಪರೂಪ. ಅನ್ನವಸ್ತ್ರ ಸಾಕೆಂಬ ಸ್ಮೃತಿಯ ಮಾತು ಶರಣರ ಮಠದೊಳಗೂ ಮೆಲ್ಲನೆ ನುಸುಳಿತ್ತು.

ಈ ಸ್ಥಿತಿಯನ್ನು ಬದಲಿಸಿದ ಕಾರ್ಯವು ಹಾನಗಲ್ಲ ಶ್ರೀ ಕುಮಾರ ಮಹಾಸ್ವಾಮಿಗಳವರದು. 1867ರಲ್ಲಿ ಜೋಯಿಸರ ಹರಳಹಳ್ಳಿಯಲ್ಲಿ ಅವತರಿಸಿ 1930ರಲ್ಲಿ ಲಿಂಗೈಕ್ಯರಾದ ಈ ಮಹನೀಯರು 1904ರಲ್ಲಿ ಮಹಾಸಭೆಯ ಸ್ಥಾಪನೆಗೂ, 1909ರಲ್ಲಿ ಬಾದಾಮಿಯ ಸಮೀಪ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗಮಂದಿರದ ಸ್ಥಾಪನೆಗೂ ಕಾರಣರಾದರೆಂಬದು ಸುವಿದಿತವಾಗಿದೆ. ಮಂದಿರದ ವಟುಗಳು, ಗೋಶಾಲೆ, ವಿಭೂತಿಯ ತಯಾರಿಕೆ, ತಾಡವೋಲೆಗಳ ಸಂಗ್ರಹ ಇವುಗಳನ್ನು ಕುರಿತು ಬೇಕಾದಷ್ಟು ಬರೆದಿದ್ದಾರೆ. ಇಬ್ಬರು ಅಂಧಬಾಲಕರನ್ನು ಅವರು ಕೈಹಿಡಿದ ಸಂಗತಿಯನ್ನು ಮಾತ್ರ ಕರುಣೆಯ ಕಥೆಯಾಗಿ ಹೇಳಿ ಮುಗಿಸುವದುಂಟು. ಅದು ಕರುಣೆಗಿಂತ ದೊಡ್ಡದಾದ ಕಾರ್ಯವಾಗಿತ್ತು.

ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯ ಗುರುಪಾದಯ್ಯ ಚರಂತಿಮಠ, ನೀಲಮ್ಮ ದಂಪತಿಗಳಿಗೆ 1892ರ ಫೆಬ್ರುವರಿ 2ರಂದು ಹುಟ್ಟಿದ ಗದಿಗೆಯ್ಯನಿಗೆ ಹುಟ್ಟಿನಿಂದಲೇ ಕಣ್ಣಿರಲಿಲ್ಲ. ಅಣ್ಣ ಗುರುಬಸಯ್ಯನಿಗೂ ಇರಲಿಲ್ಲ. ಮಕ್ಕಳ ಕಂಠವನ್ನು ಕೇಳಿದ ಸ್ವಾಮಿಗಳು ಅವರಿಗೆ ಅನ್ನದ ವ್ಯವಸ್ಥೆ ಮಾಡಿ ಸುಮ್ಮನಾಗಲಿಲ್ಲ; ಆ ಕಾಲದಲ್ಲಿ ದೊರೆಯಬಹುದಾದ ಉನ್ನತ ಶಿಕ್ಷಣಕ್ಕೇ ಕಳುಹಿಸಿದರು. ಗದಿಗೆಯ್ಯನು ಮೈಸೂರಿನಲ್ಲಿ ಕರ್ನಾಟಕ ಪದ್ಧತಿಯನ್ನು ಕಲಿತನು. ಮಿರಜಿನ ನೀಲಕಂಠಬುವಾ ಆಲೂರಮಠರಲ್ಲಿಯೂ, ಕಿರಾಣಾ ಘರಾಣೆಯ ಉಸ್ತಾದ ಅಬ್ದುಲ್ ವಹೀದ ಖಾನರಲ್ಲಿಯೂ ಹಿಂದುಸ್ಥಾನಿ ಪದ್ಧತಿಯನ್ನು ಸಂಪಾದಿಸಿದನು. ಮಠದ ಅಂಧಶಿಷ್ಯನು ಮುಸಲ್ಮಾನ ಉಸ್ತಾದರ ಎದುರು ಕುಳಿತು ವಿದ್ಯೆ ಬೇಡುವದಕ್ಕೆ ಶ್ರೀಗಳ ಸಮ್ಮತಿಯಿತ್ತೆಂಬದು ಗಮನಿಸತಕ್ಕದ್ದು. ವಿದ್ಯೆಯು ಎಲ್ಲಿರುವದೋ ಅಲ್ಲಿಯವರೆಗೆ ವಿದ್ಯಾರ್ಥಿಯನ್ನು ಮುಟ್ಟಿಸುವ ಹೊಣೆಯು ಪೋಷಕನದೆಂಬ ತತ್ತ್ವವು ಇಲ್ಲಿ ಆಚರಣೆಗೆ ಬಂದಿತು. ಈ ಗದಿಗೆಯ್ಯನೇ ಗಾನಯೋಗಿ ಪಂಚಾಕ್ಷರಿ ಗವಾಯಿಗಳೆಂದು ಪ್ರಖ್ಯಾತರಾದವರು.

ಗವಾಯಿಗಳು ತಾವು ಪಡೆದುದನ್ನು ಕಣ್ಣಿಲ್ಲದ ಮಕ್ಕಳಿಗೂ ಕಣ್ಣಿದ್ದ ಬಡಮಕ್ಕಳಿಗೂ ಕೊಡುತ್ತ ಊರೂರು ಸಂಚರಿಸಿದರು. ಶಿಷ್ಯರ ಹೊಟ್ಟೆಗಾಗಿ ಶ್ರೀ ಕುಮಾರೇಶ್ವರ ಕೃಪಾಪೋಷಿತ ನಾಟ್ಯಸಂಘವನ್ನು ಕಟ್ಟಿ ನಾಟಕಗಳನ್ನಾಡಿಸಿದರು. ಗದಗಿನಲ್ಲಿ ಬಸರಿಗಿಡದ ವೀರಪ್ಪನವರ ಔದಾರ್ಯದಿಂದ ನೆಲೆ ದೊರೆತು, 1942ರಲ್ಲಿ ವೀರೇಶ್ವರ ಪುಣ್ಯಾಶ್ರಮವು ಸ್ಥಿರವಾಯಿತು. ಎರಡು ವರ್ಷಗಳಲ್ಲಿಯೇ, 1944ರ ಜೂನ್ 11ರಂದು, ಗವಾಯಿಗಳು ಲಿಂಗೈಕ್ಯರಾದರು.

ಆಶ್ರಮದ ಬೋಧನಕ್ರಮವನ್ನು ಸ್ವಲ್ಪ ವಿಸ್ತಾರವಾಗಿ ನೋಡುವದು ಅವಶ್ಯ. ಅಲ್ಲಿ ಕಲಿಸುವ ಗುರುವೇ ಅಂಧನು. ಆದುದರಿಂದ ಪಾಠವು ಆರಂಭದಿಂದಲೇ ಕಿವಿಗೆ ಸರಿಯಾಗಿ ಏರ್ಪಟ್ಟಿತ್ತು. ಕಣ್ಣಿದ್ದವರಿಗಾಗಿ ರಚಿಸಿದ ಪಾಠವನ್ನು ತಿದ್ದಿ ಕಣ್ಣಿಲ್ಲದವರಿಗೆ ಹೊಂದಿಸಬೇಕಾದ ಪ್ರಸಂಗವೇ ಬರಲಿಲ್ಲ. ಸ್ವರವನ್ನು ಹೇಳಿದಂತೆ ಹಾಡುವದು, ತಪ್ಪಿದಲ್ಲಿ ಅಲ್ಲಿಯೇ ನಿಲ್ಲಿಸುವದು, ವಾದ್ಯದ ಮೇಲೆ ಶಿಷ್ಯನ ಬೆರಳನ್ನು ಹಿಡಿದು ಇಡುವದು, ಇವೇ ಅಲ್ಲಿಯ ಪುಸ್ತಕ. ಕಣ್ಣಿದ್ದ ಶಿಷ್ಯರೂ ಇದೇ ಕ್ರಮದಲ್ಲಿ ಕಲಿತರು. 1920ರಲ್ಲಿ ಯಲಿವಾಳದಲ್ಲಿ ಹುಟ್ಟಿದ ಬಸವರಾಜ ರಾಜಗುರುಗಳು ಪಂಚಾಕ್ಷರಿ ಗವಾಯಿಗಳ ಶಿಷ್ಯರು. ಪಂಡಿತ ವೆಂಕಟೇಶಕುಮಾರರು 1968ರಿಂದ ಸುಮಾರು ಹನ್ನೆರಡು ವರ್ಷ ಈ ಆಶ್ರಮದಲ್ಲಿದ್ದು ಪುಟ್ಟರಾಜ ಗವಾಯಿಗಳಲ್ಲಿ ಕಲಿತವರು. ಇವರಿಬ್ಬರಿಗೂ ಕಣ್ಣಿತ್ತು, ಗುರುವಿಗೆ ಇರಲಿಲ್ಲ. ಯಾರು ಯಾರಿಗೆ ಅನುಕೂಲ ಮಾಡಿಕೊಟ್ಟರೆಂದು ಕೇಳಿದರೆ ಉತ್ತರ ಹೇಳುವದು ಕಷ್ಟವಾದೀತು. ಒಂದೇ ಪಂಕ್ತಿಯಲ್ಲಿ ಉಂಡು ಒಂದೇ ಪಾಠ ಹೇಳಿಸಿಕೊಂಡ ಆ ಸಹವಾಸವು, ಸಮನ್ವಯ ಶಿಕ್ಷಣವೆಂದು ಇಂದಿನ ಶಿಕ್ಷಣಶಾಸ್ತ್ರಜ್ಞರು ಹೆಸರಿಸಿರುವ ಪದ್ಧತಿಗೆ ಉತ್ತಮವಾದ ಉದಾಹರಣೆಯಾಗಿದೆ.

ಗುರುವಿನ ಅನಂತರ ಆಶ್ರಮದ ಭಾರವನ್ನು ಹೊತ್ತವರು ಪುಟ್ಟರಾಜ ಗವಾಯಿಗಳು. 1914ರ ಮಾರ್ಚ 3ರಂದು ಹಾನಗಲ್ಲ ಸೀಮೆಯ ದೇವಗಿರಿಯಲ್ಲಿ ಜನಿಸಿದ ಅವರು ಆರು ತಿಂಗಳ ಕೂಸಾಗಿದ್ದಾಗ ದೃಷ್ಟಿಯನ್ನು ಕಳೆದುಕೊಂಡರು. ತಂದೆತಾಯಿಗಳನ್ನೂ ಬೇಗನೆ ಕಳೆದುಕೊಂಡು ಸೋದರಮಾವನ ಆಸರೆಯಲ್ಲಿ ಬೆಳೆದರು. ಆರು ದಶಕಗಳಿಗೂ ಮಿಕ್ಕಿ ಆಶ್ರಮವನ್ನು ನಡೆಸಿದ ಅವರು ಗಾಯನ ವಾದನಗಳೊಡನೆ ಕನ್ನಡ, ಸಂಸ್ಕೃತ, ಹಿಂದಿ ಈ ಮೂರು ಭಾಷೆಗಳಲ್ಲಿ ಗ್ರಂಥಕರ್ತರೂ ಆದರು; ಬಸವಪುರಾಣವನ್ನು ಹಿಂದಿಯಲ್ಲಿ ರಚಿಸಿದರು, ಭಗವದ್ಗೀತೆಯನ್ನು ಬ್ರೈಲ್ ಲಿಪಿಗೆ ಇಳಿಸಿದರು. ದೀರ್ಘಕಾಲದ ಶಿವಪೂಜೆಗೆ ಪ್ರಸಿದ್ಧರಾಗಿದ್ದ ಅವರ ಬೆರಳುಗಳು ಲಿಂಗವನ್ನು ಅರಿತಂತೆಯೇ ಉಬ್ಬುಚುಕ್ಕೆಯ ಅಕ್ಷರವನ್ನೂ ಅರಿತವು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವು 1975ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು; 2010ರಲ್ಲಿ ಭಾರತ ಸರಕಾರವು ಪದ್ಮಭೂಷಣವನ್ನಿತ್ತಿತು. ಅದೇ ವರ್ಷದ ಸಪ್ಟೆಂಬರ 17ರಂದು ಅವರು ಲಿಂಗೈಕ್ಯರಾದರು.

ಹೇಳಿ ಬರೆಯಿಸಿದ ಗ್ರಂಥವು ಕರ್ತೃವಿನದೇ ಹೌದೋ ಅಲ್ಲವೋ ಎಂದು ಶಂಕಿಸುವವರೂ ಲೋಕದಲ್ಲಿದ್ದಾರೆ. ಅಂಧವಿದ್ಯಾರ್ಥಿಯು ಲಿಪಿಕಾರನ ಸಹಾಯದಿಂದ ಪರೀಕ್ಷೆಗೆ ಕುಳಿತಾಗಲೂ ಇದೇ ಶಂಕೆ ಏಳುವದು. ವ್ಯಾಸರು ಹೇಳಿದ ಭಾರತವನ್ನು ಗಣಪತಿಯು ಬರೆದುಕೊಂಡನೆಂದು ಕಥೆ ಹೇಳುವ ದೇಶದಲ್ಲಿ, ಭಾರತವು ಗಣಪತಿಯ ಕೃತಿಯೆಂದು ಈವರೆಗೆ ಯಾರೂ ವಾದಿಸಿಲ್ಲ. ಇರಲಿ.

ಉಬ್ಬುಚುಕ್ಕೆಯ ಲಿಪಿಯ ಮಾತು ಬಂದುದರಿಂದ ಹೊರನಾಡಿನ ವೃತ್ತಾಂತವನ್ನೂ ಸಂಕ್ಷೇಪವಾಗಿ ಹೇಳಬೇಕು. ಪ್ಯಾರಿಸ್ ನಗರದಲ್ಲಿ ವಾಲಾಂತೆಂ ಆಯೂಯಿ ಎಂಬವನು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಅಂಧರ ಶಾಲೆಯನ್ನು ತೆರೆದನು. ಆ ಶಾಲೆಯಲ್ಲಿ ಓದಿ ಅಲ್ಲಿಯೇ ಶಿಕ್ಷಕನಾದ ಲೂಯಿ ಬ್ರೈಲನು 1829ರಲ್ಲಿ ತನ್ನ ಆರು ಚುಕ್ಕೆಗಳ ಲಿಪಿಯನ್ನು ಪ್ರಕಟಿಸಿದನು. ಅವನೂ ಸಂಗೀತಗಾರನೇ. ಅವನ ಸ್ವಂತ ಶಾಲೆಯೇ ಆ ಲಿಪಿಯನ್ನು ವಿಧಿಪೂರ್ವಕ ಅಂಗೀಕರಿಸಿದ್ದು ಅವನು 1852ರಲ್ಲಿ ತೀರಿಕೊಂಡ ಮೇಲೆ. ನಮ್ಮ ದೇಶದಲ್ಲಿ 1887ರಲ್ಲಿ ಅಮೃತಸರದಲ್ಲಿ ಅಂಧರ ಶಾಲೆಯು ಮೊದಲಾಯಿತು. 1901ರಲ್ಲಿ ಮೈಸೂರಿನಲ್ಲಿ ಕಿವುಡ ಹಾಗೂ ಅಂಧ ಮಕ್ಕಳ ಶಾಲೆ ಹುಟ್ಟಿತು. ಭಾರತದ ಭಾಷೆಗಳಿಗೆಲ್ಲ ಸಾಮಾನ್ಯವಾದ ಭಾರತೀ ಬ್ರೈಲ್ ಒಪ್ಪಿತವಾದುದು 1951ರಲ್ಲಿ. ಅದಕ್ಕಿಂತ ಮೊದಲೇ ಪಂಚಾಕ್ಷರಿ ಗವಾಯಿಗಳ ಕಾರ್ಯವು ಮುಗಿದಿತ್ತು.

ಪುಣ್ಯಾಶ್ರಮದ ಮಹಿಮೆಯನ್ನು ಎಷ್ಟು ಕೊಂಡಾಡಿದರೂ ಅದರ ಸುತ್ತಲಿನ ಸಮಾಜದ ನ್ಯೂನತೆಯನ್ನು ಮುಚ್ಚುವದು ಇತಿಹಾಸಕಾರನ ಧರ್ಮವಲ್ಲ. ಅಂಧನೆಂದರೆ ಗವಾಯಿ ಎಂಬ ಸಮೀಕರಣವು ಉತ್ತರ ಕರ್ನಾಟಕದಲ್ಲಿ ಬೇರೂರಿತು. ಕಣ್ಣಿಲ್ಲದ ಮಗು ಹುಟ್ಟಿದರೆ ಅದರ ಕಂಠ ಹೇಗಿದೆಯೆಂದು ಕೇಳುವದು ರೂಢಿಯಾಯಿತು. ಗಣಿತದಲ್ಲಿ ಬುದ್ಧಿ ಹೇಗಿದೆ, ನ್ಯಾಯಶಾಸ್ತ್ರದಲ್ಲಿ ಆಸಕ್ತಿಯುಂಟೇ ಎಂದು ಕೇಳಿದವರು ವಿರಳ. ಕಂಠವಿಲ್ಲದ ಅಂಧನು ಎಲ್ಲಿ ಹೋಗಬೇಕು? ಕಿವುಡರ ಗತಿಯಂತೂ ಇನ್ನೂ ಶೋಚನೀಯವಾಗಿತ್ತು. ನಮ್ಮ ಪಾಠಶಾಲೆಗಳ ವಿದ್ಯೆಯೆಲ್ಲ ಶ್ರುತಿಯಿಂದ ಬಂದುದು. ಕಣ್ಣಿಲ್ಲದವನಿಗೆ ಯಾವ ಬಾಯಿಪಾಠದ ಪದ್ಧತಿಯು ವರವಾಯಿತೋ ಅದೇ ಪದ್ಧತಿಯು ಕಿವಿ ಕೇಳದವನಿಗೆ ಗೋಡೆಯಾಯಿತು. ಕಾಲಿಲ್ಲದವನಿಗಾದರೋ ಗೋಡೆಯು ಅಕ್ಷರಶಃ ಕಲ್ಲಿನದೇ: ಎತ್ತರದ ಜಗುಲಿ, ಹೊಸ್ತಿಲು, ಮೆಟ್ಟಿಲು.

ಬಾಗಿಲಕೋಟೆ ಸೀಮೆಯ ವಿದ್ಯಾರ್ಥಿಗಳಿಗೆ ವಿಶ್ವವಿದ್ಯಾಲಯದ ಮೊದಲನೆಯ ತಡೆ ದೂರವೇ ಆಗಿತ್ತು. ಜಮಖಂಡಿಯಲ್ಲಿ 1886ರಲ್ಲಿ ಹುಟ್ಟಿದ ಗುರುದೇವ ರಾನಡೆಯವರು ಕಾಲೇಜಿಗಾಗಿ ಪುಣೆಗೆ ಹೋಗಬೇಕಾಯಿತು. 1917ರಲ್ಲಿ ಧಾರವಾಡಕ್ಕೆ ಕರ್ನಾಟಕ ಕಾಲೇಜು ಬಂದಿತು; ಕರ್ನಾಟಕ ವಿಶ್ವವಿದ್ಯಾಲಯವು 1949ರಲ್ಲಿ ಮುಂಬಯಿಯಲ್ಲಿ ಹುಟ್ಟಿ ಮರುವರ್ಷ ಧಾರವಾಡಕ್ಕೆ ಬಂದಿತು. ಇತ್ತ ಲಿಂಗಾಯತ ಸಮಾಜವು ಸ್ವಪ್ರಯತ್ನದಿಂದ 1906ರಲ್ಲಿ ಬಾಗಿಲಕೋಟೆಯ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘವನ್ನೂ, 1910ರಲ್ಲಿ ವಿಜಾಪುರದ ಸಂಸ್ಥೆಯನ್ನೂ, 1916ರಲ್ಲಿ ಬೆಳಗಾವಿಯ ಕೆ. ಎಲ್. ಇ. ಸಂಸ್ಥೆಯನ್ನೂ ಕಟ್ಟಿತು. ಮಠಗಳು ಉಚಿತ ಪ್ರಸಾದನಿಲಯಗಳನ್ನು ತೆರೆದವು. ಬಡವನಿಗೆ ಬಾಗಿಲು ತೆರೆಯಿತು, ಹಳ್ಳಿಗನಿಗೆ ತೆರೆಯಿತು. ಆ ಕಟ್ಟಡಗಳ ಮಹಡಿಯನ್ನು ಹತ್ತಲಾರದವನ ವಿಚಾರವು ಆ ದಾನಶೂರರ ಮನಸ್ಸಿಗೆ ಬಾರದೇ ಹೋದುದು ಅವರ ಕಾಲದ ದೋಷ. ಆದರೆ ಇಂದು ಕಟ್ಟುವವರಿಗೆ ಆ ಸಮಾಧಾನವು ಉಳಿದಿಲ್ಲ.

ಏಕೆಂದರೆ ಈ ವಿಷಯವು ಈಗ ಧರ್ಮಕಾರ್ಯವಾಗಿರುವಂತೆ ರಾಜಶಾಸನವೂ ಆಗಿದೆ. 1995ರ ಅಧಿನಿಯಮವು ಸರಕಾರೀ ಹಾಗೂ ಸರಕಾರದ ಧನಸಹಾಯ ಪಡೆಯುವ ವಿದ್ಯಾಸಂಸ್ಥೆಗಳಲ್ಲಿ ನೂರಕ್ಕೆ 3 ಸ್ಥಾನಗಳನ್ನು ವಿಕಲಾಂಗರಿಗೆ ಮೀಸಲಿರಿಸಿತು. ಅದರ ಸ್ಥಾನದಲ್ಲಿ ಬಂದ 2016ರ ಅಧಿನಿಯಮವು 21 ಬಗೆಯ ವೈಕಲ್ಯಗಳನ್ನು ಗುರುತಿಸಿ, ಉಚ್ಚಶಿಕ್ಷಣದಲ್ಲಿ ನೂರಕ್ಕೆ 5 ಸ್ಥಾನಗಳನ್ನೂ, ಪ್ರವೇಶದ ವಯೋಮಿತಿಯಲ್ಲಿ 5 ವರ್ಷಗಳ ಸಡಿಲಿಕೆಯನ್ನೂ ವಿಧಿಸಿತು. ಈ ಮೀಸಲಾತಿಯು ವೈಕಲ್ಯವು ನೂರಕ್ಕೆ 40ಕ್ಕೆ ಕಡಮೆಯಿಲ್ಲದವರಿಗೆ. 2017ರ ಡಿಸೆಂಬರ 15ರಂದು ಸರ್ವೋಚ್ಚ ನ್ಯಾಯಾಲಯವು ಈ ವಿಧಿಯನ್ನು ತಪ್ಪದೆ ಪಾಲಿಸಬೇಕೆಂದು ಆಜ್ಞಾಪಿಸಿ, ಕಟ್ಟಡಗಳ ಸುಗಮತೆಯನ್ನೂ ಬೋಧನಕ್ರಮವನ್ನೂ ವಿಚಾರಿಸಲು ವಿಶ್ವವಿದ್ಯಾಲಯ ಧನಸಹಾಯ ಆಯೋಗಕ್ಕೆ ತಿಳಿಸಿತು. ಪರೀಕ್ಷೆಯಲ್ಲಿ ಲಿಪಿಕಾರನ ಸಹಾಯ ಪಡೆಯುವವರಿಗೆ ಪ್ರತಿ ತಾಸಿಗೆ 20 ನಿಮಿಷಕ್ಕೆ ಕಡಮೆಯಿಲ್ಲದ ಹೆಚ್ಚಿನ ಕಾಲವು ಸಲ್ಲತಕ್ಕದ್ದು. 2021ರಲ್ಲಿ ಅದೇ ನ್ಯಾಯಾಲಯವು ನೂರಕ್ಕೆ 40ರ ಗೆರೆಯನ್ನು ಮುಟ್ಟದವನಿಗೂ ಅವಶ್ಯಕತೆಯಿದ್ದರೆ ಲಿಪಿಕಾರನನ್ನು ನಿರಾಕರಿಸಕೂಡದೆಂದು ತೀರ್ಪಿತ್ತಿತು. ಆಗದ ಅಂಗವನ್ನು ಬಿಡಬೇಕು, ಕರ್ತೃವನ್ನು ಬಿಡಬಾರದೆಂಬ ಅಧಿಕಾರಾಧ್ಯಾಯದ ನ್ಯಾಯವನ್ನು ಇಲ್ಲಿ ಬೇರೆ ಮಾತಿನಲ್ಲಿ ಕಾಣಬಹುದು. ಸರಕಾರದ ಧನಸಹಾಯ ಪಡೆಯುವ ಮಠಗಳ ಕಾಲೇಜುಗಳೂ ಈ ವಿಧಿಗೆ ಒಳಪಟ್ಟಿವೆಯೆಂಬದನ್ನು ವ್ಯವಸ್ಥಾಪಕ ಮಂಡಳಿಗಳು ನೆನಪಿನಲ್ಲಿಡಬೇಕು.

2023ರಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯವು ಜಮಖಂಡಿಯಲ್ಲಿ ಆರಂಭವಾದಾಗ, ರಾನಡೆಯವರ ಕಾಲದ ದೂರವು ಈ ಸೀಮೆಗೆ ಒಮ್ಮೆಲೇ ಕುಗ್ಗಿತು. ಸಮೀರವಾಡಿಯ ಕಾರ್ಖಾನೆಯ ಕಾರ್ಮಿಕನ ಮಗಳು, ರಬಕವಿ-ಬನಹಟ್ಟಿಯ ನೇಕಾರನ ಮಗನು, ಮುಧೋಳದ ಒಕ್ಕಲಿಗನ ಮಕ್ಕಳು ಪುಣೆಗೆ ಹೋಗಬೇಕಾಗಿಲ್ಲ. ಆದರೆ ಗಾಲಿಕುರ್ಚಿಯಲ್ಲಿ ಕುಳಿತ ಮಗಳಿಗೆ ಉಳಿದಿರುವ ದೂರವನ್ನು ಹರದಾರಿಯಲ್ಲಿ ಅಳೆಯಲು ಬರುವದಿಲ್ಲ. ಮಳೆಗಾಲದಲ್ಲಿ ಎರೆಮಣ್ಣಿನ ಓಣಿಯು ಗಾಲಿಯನ್ನು ಹಿಡಿದು ಬಿಡದು. ಕಬ್ಬಿನ ಹಂಗಾಮಿನಲ್ಲಿ ಹೇರು ತುಂಬಿದ ಟ್ರ್ಯಾಕ್ಟರುಗಳ ಸಾಲು ರಸ್ತೆಯ ಅಂಚನ್ನೂ ಬಿಡದು. ಬಸ್ಸಿನ ಮೊದಲ ಮೆಟ್ಟಿಲು ಮೊಣಕಾಲಿನ ಎತ್ತರಕ್ಕಿರುವದು. ಇವನ್ನೆಲ್ಲ ದಾಟಿ ಬಂದವಳಿಗೆ ಪ್ರಸಾದನಿಲಯದ ಸ್ನಾನಗೃಹದ ಬಾಗಿಲು ಗಾಲಿಕುರ್ಚಿಗಿಂತ ನಾಲ್ಕು ಬೆರಳು ಕಿರಿದಾಗಿದ್ದರೆ ನೂರಕ್ಕೆ 5ರ ಸ್ಥಾನವು ಪುಸ್ತಕದಲ್ಲಿಯೇ ಉಳಿಯುವದು. ಮಠಗಳು ಈ ಕೆಲಸಕ್ಕೆ ವಿಶ್ವವಿದ್ಯಾಲಯದ ಅಪ್ಪಣೆಯನ್ನು ಕಾಯಬೇಕಾಗಿಲ್ಲ: ಬಾಗಿಲನ್ನು ಅಗಲಿಸಲು ಬಡಿಗನೂ, ಇಳಿಜಾರು ಕಟ್ಟಲು ಗೌಂಡಿಯೂ ಊರಿನಲ್ಲಿಯೇ ಇದ್ದಾರೆ.

ಗ್ರಂಥಗಳ ವಿಷಯವು ಇನ್ನೂ ಹತ್ತಿರದ್ದು. 2012ರಲ್ಲಿ ಗ್ರಂಥಸ್ವಾಮ್ಯದ ಅಧಿನಿಯಮಕ್ಕೆ ತಿದ್ದುಪಡಿಯಾಗಿ, ವಿಕಲಾಂಗರ ಉಪಯೋಗಕ್ಕಾಗಿ ಯಾವ ಗ್ರಂಥವನ್ನಾದರೂ ಅವರು ಓದಬಹುದಾದ ರೂಪಕ್ಕೆ ತರಲು ಅವಕಾಶವಾಯಿತು. ಇದೇ ಉದ್ದೇಶದಿಂದ 2013ರಲ್ಲಿ ಮರಾಕೆಶ್ ನಗರದಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದವನ್ನು 2014ರಲ್ಲಿ ಎಲ್ಲ ದೇಶಗಳಿಗಿಂತ ಮೊದಲು ಸ್ಥಿರೀಕರಿಸಿದುದು ಭಾರತವೇ. ಈಗ ಗಣಕಯಂತ್ರವು ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳಬಲ್ಲದು. ಅಂಧವಿದ್ಯಾರ್ಥಿಯು ಓದುಗನಿಗಾಗಿ ಕಾಯಬೇಕಾದ ಕಾಲವು ಕಳೆಯುತ್ತ ಬಂದಿದೆ. ಆದರೆ ಆ ಯಂತ್ರಕ್ಕೆ ತಿಳಿಯುವದು ಯುನಿಕೋಡ್ ಅಕ್ಷರಗಳು ಮಾತ್ರ. ಕಳೆದ ದಶಕಗಳಲ್ಲಿ ಮುದ್ರಣಕ್ಕಾಗಿ ಹಳೆಯ ಅಕ್ಷರವಿನ್ಯಾಸಗಳಲ್ಲಿ ಜೋಡಿಸಿದ ಕನ್ನಡ ಪುಸ್ತಕಗಳನ್ನು ಅದರ ಮುಂದಿಟ್ಟರೆ ಅರ್ಥವಿಲ್ಲದ ಧ್ವನಿಗಳು ಹೊರಡುವವು; ಪುಟಗಳ ಛಾಯಾಚಿತ್ರವನ್ನಿಟ್ಟರೆ ಅದು ಮೌನವಾಗಿರುವದು. ಮಠಗಳು ಪ್ರಕಟಿಸಿದ ವಚನಸಂಪುಟಗಳಲ್ಲಿ, ಪುರಾಣಗಳಲ್ಲಿ, ಸ್ಮರಣಸಂಪುಟಗಳಲ್ಲಿ ಇಂಥವೇ ಬಹಳ. ಕನ್ನಡ ಎಂ. ಎ. ಓದುವ ಅಂಧವಿದ್ಯಾರ್ಥಿಗೆ ಬೇಕಾದ ಗ್ರಂಥವು ಮಠದ ಕಪಾಟಿನಲ್ಲಿದ್ದೂ ಇಲ್ಲದಂತಾಗಿದೆ. ಅಕ್ಷರಪರಿವರ್ತನೆಯ ಸಾಧನಗಳು ಸಿದ್ಧವಾಗಿವೆ, ಪರಿವರ್ತನೆಯಲ್ಲಿ ಬೀಳುವ ತಪ್ಪುಗಳನ್ನು ತಿದ್ದಲು ಪಾಠಶಾಲೆಯ ಪಂಡಿತರೇ ಬೇಕು. ಒತ್ತಕ್ಷರವೂ ಅರ್ಕಾವೊತ್ತೂ ಅದಲುಬದಲಾದಲ್ಲಿ ಮೂಲಪಾಠವನ್ನು ಬಲ್ಲವರ ಹೊರತು ಬೇರೆಯವರು ಹಿಡಿಯಲಾರರು. ಹಿಂದೆ ತಾಡವೋಲೆಯಿಂದ ಕಾಗದಕ್ಕೆ ಇಳಿಸಿದಾಗಲೂ ಈ ಕೆಲಸವನ್ನು ಅವರೇ ಮಾಡಿದ್ದರು.